ಜೂನ್ ಒಂದರಂದು ಹುಟ್ಟಿದವರು

ಪುಣೆ
೪ ಜನವರಿ ೨೦೨೬

ಅಕ್ಕಾ,

ಪತ್ರ ಬಂತೆಂದು ಗಾಬರಿಯಾಗಬೇಡ. ಕೈಕಾಲು ಎಲ್ಲ ನೆಟ್ಟಗಿವೆ. ಈ ಬೇಸ್‌ಬಾಲ್ ಶಿಬಿರಕ್ಕೆ ಬಂದ ದಿನವೇ ನಮ್ಮ ಫೋನುಗಳನ್ನು ಕಸಿದು ಕಪಾಟಿನಲ್ಲಿಟ್ಟು ಕೀಲಿ ಹಾಕಿದರು. ಭಾನುವಾರ ಹತ್ತು ನಿಮಿಷ ಕೊಡುತ್ತಾರೆ. ಆ ಹತ್ತು ನಿಮಿಷ ಅಪ್ಪ ಸ್ಪೀಕರ್ ಹಾಕಿ ಓಣಿಯವರನ್ನೆಲ್ಲ ಕರೆದು ಕೂಡಿಸುತ್ತಾನೆ. ನಿನ್ನೊಬ್ಬಳ ಜೊತೆ ಮಾತಾಡಬೇಕೆಂದರೆ ಕಾಗದವೇ ಗತಿ. ಅದಕ್ಕೇ ರೋಣದ ನಿನ್ನ ಕಾಲೇಜಿನ ವಿಳಾಸಕ್ಕೆ ಹಾಕಿದ್ದೇನೆ.

ಆಟ ಚೆನ್ನಾಗಿ ನಡೆದಿದೆ. ಬೇಸ್‌ಬಾಲ್‌ನಲ್ಲಿ ಚೆಂಡು ನೆಲಕ್ಕೆ ಪುಟಿಸುವಂತಿಲ್ಲ, ಮಣ್ಣಿನ ದಿಬ್ಬದ ಮೇಲೆ ನಿಂತು ನೇರ ಒಗೆಯಬೇಕು. ರೋಣದ ಮೈದಾನದಲ್ಲಿ ಬೌಂಡರಿಯಿಂದ ಕೀಪರಿನ ಕೈಗೆ ಒಗೆಯುತ್ತಿದ್ದೆನಲ್ಲ, ಅದೇ ಒಗೆತ. ಮೊನ್ನೆ ಯಂತ್ರ ಹಿಡಿದು ಅಳೆದರು: ಗಂಟೆಗೆ ನೂರಾ ಮೂವತ್ತೆಂಟು ಕಿಲೋಮೀಟರು. ಕೋಚ್ ಮತ್ತೊಮ್ಮೆ ಒಗೆಸಿದರು. ಮತ್ತೆ ಅಷ್ಟೇ ಬಂತು.

ಈಗ ಕೆಲಸದ ಮಾತು. ಶಿಬಿರ ನಡೆಸುವ ಕ್ಲಬ್ಬು ಅಮೆರಿಕದ್ದು. ಮಾರ್ಚ್ ಒಂದರಂದು ಇಪ್ಪತ್ತು ಹುಡುಗರಲ್ಲಿ ನಾಲ್ವರ ಜೊತೆ ಕರಾರು ಮಾಡಿಕೊಂಡು, ಎರಡು ವರ್ಷ ಡೊಮಿನಿಕನ್ ಎಂಬ ದೇಶದಲ್ಲಿರುವ ತಮ್ಮ ಶಾಲೆಯಲ್ಲಿ ಕಲಿಸುತ್ತಾರೆ. ಆದರೆ ಹುಡುಗನಿಗೆ ಹದಿನೇಳು ತುಂಬಿರಬಾರದು. ನನ್ನ ಶಾಲೆಯ ಕಾಗದದಲ್ಲಿ ೧ ಜೂನ್ ೨೦೦೮ ಎಂದಿದೆ. ಅಂದರೆ ತುಂಬಿ ಹೋಗಿದೆ.

ಇನ್ನೊಂದು ಫಜೀತಿ ಕೇಳು. ನಮ್ಮ ಕಡೆಯಿಂದ ಬಂದವರು ಮೂವರು: ನಾನು, ಸವಡಿಯ ಸಂಗನಬಸವ, ಗಜೇಂದ್ರಗಡದ ಜಮಾಲಸಾಬ. ಮೂವರದೂ ಜೂನ್ ಒಂದು! ಕಾಗದಪತ್ರ ನೋಡುವ ಮೇಡಂ ಮೊದಲು ನಕ್ಕರು. ನಮ್ಮಪ್ಪ ಹುಟ್ಟಿದ್ದೂ ಜೂನ್ ಒಂದು, ಅವ್ವ ಹುಟ್ಟಿದ್ದೂ ಜೂನ್ ಒಂದು ಎಂದು ನಾನು ಹೇಳಿದ ಮೇಲೆ ನಗು ನಿಲ್ಲಿಸಿದರು. ಸುಳ್ಳು ಕಾಗದ ಮಾಡಿಸಿಕೊಂಡು ಬಂದಿದ್ದೇವೆ ಎಂದು ಅವರ ಗುಮಾನಿ. ಹುಟ್ಟಿದಾಗ ಬರೆದ ಕಾಗದವೇ ಬೇಕಂತೆ. ಅದು ಸಿಕ್ಕರೆ ಕನ್ನಡ ಬಲ್ಲವರಿಂದ ಅಪ್ಪನಿಗೆ ಫೋನ್ ಮಾಡಿಸಿ, ಪೂರ್ತಿ ಓದಿ ಹೇಳಿ, ಆಮೇಲೆ ಅಪ್ಪನ ಸಹಿ ತೆಗೆದುಕೊಳ್ಳುತ್ತಾರೆ.

ನಾನು ೨೦೦೯ರಲ್ಲಿ ಹೊಳೆ ಬಂದಾಗ ಹುಟ್ಟಿದವನು ಎಂದು ನೀವೇ ಹೇಳುತ್ತೀರಿ. ಹಾಗಿದ್ದರೆ ನನಗೆ ಹದಿನಾರು. ಹುಡುಕು ಅಕ್ಕಾ. ಫೆಬ್ರವರಿ ಇಪ್ಪತ್ತೈದರೊಳಗೆ ಬೇಕು. ನೀನು ಕೈ ಹಾಕಿದರೆ ಆಗುತ್ತದೆ.

ನಿನ್ನ ತಮ್ಮ
ದ್ಯಾಮೇಶ


ರೋಣ
೧೬ ಜನವರಿ ೨೦೨೬

ದ್ಯಾಮ್ಯಾ,

ನಿನ್ನ ಅಕ್ಷರ ಓದಿ ನನ್ನ ಕಣ್ಣು ನೋಯುತ್ತಿವೆ. ಕೋಳಿ ಕೆದರಿದಂತೆ ಬರೆಯುವವನಿಗೆ ಹೊರದೇಶದವರು ಕರಾರು ಮಾಡಲು ಕಾದು ಕೂತಿದ್ದಾರಂತೆ! ಸಂಕ್ರಾಂತಿಯ ಕುಸುರೆಳ್ಳು ನಾಲ್ಕು ಕಾಳು ಇಟ್ಟಿದ್ದೇನೆ. ಪುಡಿಯಾಗಿದ್ದರೆ ಪೋಸ್ಟಿನವರಿಗೆ ಬೈದು ತಿನ್ನು.

ಜೂನ್ ಒಂದರ ಕಥೆಯನ್ನು ಆ ಮೇಡಂಗೆ ನೀನು ಪೂರ್ತಿ ಹೇಳಲಿಲ್ಲವೇನು? ನಿನಗೆ ನೆನಪಿರಲಿಕ್ಕಿಲ್ಲ, ನೀನಿನ್ನೂ ಚಡ್ಡಿ ಕೈಯಲ್ಲಿ ಹಿಡಿದು ಓಡಾಡುತ್ತಿದ್ದೆ. ಅವ್ವ ಕಳೆ ತೆಗೆಯಲು ಹೋಗಬೇಕಿತ್ತು. ಇಬ್ಬರನ್ನೂ ಎಳೆದುಕೊಂಡು ಬೆಳವಣಕಿಯ ನಮ್ಮ ಶಾಲೆಗೆ ಬಂದಳು. ನೀಲಪ್ಪ ಮಾಸ್ತರರ ಪದ್ಧತಿ ಒಂದೇ. ಬಲಗೈಯನ್ನು ತಲೆಯ ಮೇಲಿಂದ ಹಾಯಿಸಿ ಎಡ ಕಿವಿ ಮುಟ್ಟಬೇಕು. ಮುಟ್ಟಿದರೆ ಆರು ತುಂಬಿದೆ, ಇಲ್ಲದಿದ್ದರೆ ಇಲ್ಲ. ನಾನು ತುದಿಗಾಲಲ್ಲಿ ನಿಂತರೂ ಬೆರಳು ಕೂದಲಿಗೇ ನಿಂತವು. ನನ್ನನ್ನು ಅಣಕಿಸಲು ನೀನೂ ಕೈ ಹಾಯಿಸಿದೆ. ಮುಟ್ಟಿದ್ದಷ್ಟೇ ಅಲ್ಲ, ಕಿವಿ ಹಿಡಿದು ಜಗ್ಗಿದೆ.

"ಇಂವಗ ಆರು ತುಂಬೇತಿ ನೋಡವಾ. ಇಂವನ್ನ ಬಿಟ್ಟು ಹೋಗು. ಈಕಿನ್ನ ಬರೂ ವರ್ಷ ಕರಕೊಂಡು ಬಾ" ಎಂದರು ಮಾಸ್ತರರು.

"ಯಪ್ಪಾ, ಈಕಿ ದೊಡ್ಡಾಕಿರಿ" ಎಂದಳು ಅವ್ವ.

"ಕೈ ಹೇಳತೈತಿ ಬಿಡವಾ, ನೀ ಏನ್ ಹೇಳತಿ!"

ಹೀಗೆ ನಾಲ್ಕೂವರೆ ವರ್ಷದ ನೀನು ಒಂದನೆಯ ಇಯತ್ತೆಗೆ ಸೇರಿದೆ. ಏಳಕ್ಕೆ ಬಿದ್ದ ನಾನು ಒಂದು ವರ್ಷ ಮನೆಯಲ್ಲಿ ಕೂತು, ಮರುವರ್ಷ ೧ ಜೂನ್ ೨೦೦೯ ಎಂದು ಬರೆಸಿಕೊಂಡೆ. ಅಂದಿನಿಂದ ಕಾಗದದಲ್ಲಿ ನೀನು ಅಣ್ಣ, ನಾನು ತಂಗಿ. ಊರ ಮಕ್ಕಳೆಲ್ಲ ಶಾಲೆ ಶುರುವಾದ ದಿನವೇ ಹುಟ್ಟಿದವರು.

ನೀನು ಹುಟ್ಟಿದ್ದು ಅವ್ವನ ತವರು ಹೊಳೆಮಣ್ಣೂರಿನಲ್ಲಿ. ಮಲಪ್ರಭೆ ಊರೊಳಗೆ ಬಂದಾಗ ಜನರನ್ನೆಲ್ಲ ಶಾಲೆಯ ಮಾಳಿಗೆಗೆ ಹತ್ತಿಸಿದ್ದರಂತೆ. ಅಲ್ಲಿ ಒಬ್ಬ ನರ್ಸಮ್ಮ ಹೆರಿಗೆ ಮಾಡಿಸಿದರಂತೆ. ಈ ಭಾನುವಾರವೇ ಹೋಗಿ ಬರುತ್ತೇನೆ.

ಮನೆಯಲ್ಲಿ ಎಲ್ಲ ಹಾಗೇ ಇದೆ. ನವೆಂಬರಿನಲ್ಲಿ ಅಧಿಕಾರಿಗಳು ಬಂದು ನನ್ನ ಲಗ್ನ ನಿಲ್ಲಿಸಿದಾಗಿನಿಂದ ಅವ್ವ ಅಂಗನವಾಡಿಯ ಹೊನ್ನವ್ವನ ಜೊತೆ ಮಾತು ಬಿಟ್ಟಿದ್ದಾಳೆ. ಫೋನ್ ಮಾಡಿ ಹೇಳಿದವಳು ಅವಳೇ ಎಂದು ಅವ್ವನ ನಂಬಿಕೆ. ಸವಡಿಯ ಅತ್ತೆ ಹಬ್ಬಕ್ಕೆ ಸೀರೆ ಕಳಿಸಿದ್ದಾಳೆ. ಅದಿರಲಿ, ನೀನು ಹೊಟ್ಟೆ ತುಂಬ ಉಣ್ಣು.

ಗೌತಮಿ


ಪುಣೆ
೨೪ ಜನವರಿ ೨೦೨೬

ಅಕ್ಕಾ,

ಸಿಕ್ಕಿತೇನು? ನಿನ್ನ ಪತ್ರ ಬಂದ ದಿನದಿಂದ ಬಾಗಿಲ ಕಡೆಗೇ ಕಣ್ಣು. ಕುಸುರೆಳ್ಳು ಪುಡಿಯಾಗಿತ್ತು, ಸಂಗನಬಸವ ಕಾಗದವನ್ನೇ ನೆಕ್ಕಿದ.

ಅವನದು ಮುಗಿಯಿತು. ಅವನು ಗದಗಿನ ದವಾಖಾನೆಯಲ್ಲಿ ಹುಟ್ಟಿದವನು, ಅವರ ಮಾವ ಎರಡು ದಿನದಲ್ಲಿ ದಾಖಲೆ ತಂದುಕೊಟ್ಟ. ಖರೇ ಅಂದರೂ ಅವನಿಗೆ ಹದಿನಾರೇ. ಜಮಾಲಸಾಬನ ಕಾಗದವೂ ಸಿಕ್ಕಿತು, ಆದರೆ ಅದರಲ್ಲಿ ಹದಿನೆಂಟು ಇತ್ತು. ಆ ಮಧ್ಯಾಹ್ನವೇ ಅವನು ಚೀಲ ಕಟ್ಟಿದ. ಬಸ್ ಹತ್ತುವಾಗ ನನ್ನ ಕೈ ಹಿಡಿದು, "ನೀ ಒಗಿ ಲೇ, ನಮ್ಮೆಲ್ಲಾರ ಪಾಲಿಂದೂ ಒಗಿ" ಎಂದ.

ಈಗ ಉಳಿದವನು ನಾನೊಬ್ಬನೇ. ವಯಸ್ಸಾದವನೆಂದು ಹುಡುಗರು ನನ್ನನ್ನು "ಮುತ್ಯಾ" ಎಂದು ಕರೆಯುತ್ತಾರೆ. ನಗುತ್ತೇನೆ, ಆದರೆ ಊಟ ಸೇರುತ್ತಿಲ್ಲ. ಅಭ್ಯಾಸದಲ್ಲಿ ಐವತ್ತು ಸಲ ಒಗೆ ಎಂದರೆ ಎಪ್ಪತ್ತು ಸಲ ಒಗೆದು ಬೈಸಿಕೊಳ್ಳುತ್ತೇನೆ. ಸುಮ್ಮನೆ ನಿಂತರೆ ಮೈಯೆಲ್ಲ ಇರುವೆ ಹರಿದಂತಾಗುತ್ತದೆ.

ಅಪ್ಪನಿಗೆ ಹೇಳಲೇನು? ಅಪ್ಪ ಓಡಾಡಿದರೆ ಲಗೂ ಆಗಬಹುದು. ನಿನಗೂ ಲಗ್ನದ ಗದ್ದಲ ಮುಗಿದು ಆರಾಮಾಗಿದೆಯಲ್ಲ, ನೀನೇ ಸ್ವಲ್ಪ ಜಲ್ದಿ ಮಾಡು.

ದ್ಯಾಮೇಶ


ರೋಣ
೨ ಫೆಬ್ರವರಿ ೨೦೨೬

ದ್ಯಾಮೇಶ,

ಹೊಳೆಮಣ್ಣೂರಿಗೆ ಹೋಗಿದ್ದೆ. ಹಳೆಯ ಊರಿನ ಅರ್ಧ ಜನ ಹೊಸ ಮನೆಗಳಿಗೆ ಹೋಗಿದ್ದಾರೆ. ಆಗಿನ ದಾಖಲೆಗಳು ನೀರಿನಲ್ಲಿ ನೆನೆದು ಹಾಳಾದವಂತೆ. ನರ್ಸಮ್ಮನಿಗೆ ಎಂದೋ ವರ್ಗವಾಗಿದೆ. ಎಲ್ಲಿದ್ದಾರೋ ಯಾರಿಗೂ ಗೊತ್ತಿಲ್ಲ.

ಹುಡುಕುತ್ತಿದ್ದೇನೆ. ಅಪ್ಪನಿಗೆ ಮಾತ್ರ ಹೇಳಬೇಡ, ನನ್ನ ಆಣೆ.

ಒಂದು ಮಾತು ಕೇಳುತ್ತೇನೆ. ಅಂಥ ಕಾಗದ ಸಿಕ್ಕರೆ ಆ ಮೇಡಂ ನಿನಗೆ ಬೇಕಾದ ಸಾಲನ್ನಷ್ಟೇ ನೋಡುತ್ತಾರೋ, ಮೇಲೆ ಕೆಳಗೆ ಇರುವುದನ್ನೆಲ್ಲ ಓದುತ್ತಾರೋ? ವಿಚಾರಿಸಿ ಬರೆ.

ಪರೀಕ್ಷೆ ಹತ್ತಿರ ಬಂದಿದೆ, ಹೆಚ್ಚು ಬರೆಯಲು ಆಗುತ್ತಿಲ್ಲ.

ಗೌತಮಿ


ಪುಣೆ
೯ ಫೆಬ್ರವರಿ ೨೦೨೬

ಅಕ್ಕ,

ನಿನ್ನೆ ಭಾನುವಾರ ಫೋನ್ ಎತ್ತಿದವಳು ಅವ್ವ. ಅಪ್ಪ ಸಂತೆಗೆ ಹೋಗಿದ್ದ. ಅವ್ವ ಹೇಳಿದ್ದನ್ನು ಹಾಗೇ ಬರೆಯುತ್ತೇನೆ, ಓದು.

"ನಿಮ್ಮಕ್ಕ ಹದಿನೈದ ದಿನದ ಹಿಂದನ ಗಜೇಂದ್ರಗಡಕ್ಕ ಹೋಗಿ ನಿನ್ನ ಹೆರಿಗಿ ಮಾಡಿಸಿದ ನರ್ಸಬಾಯಾರನ್ನ ಕಂಡು ಬಂದಾಳಪಾ. ಅನ್ನಪೂರ್ಣೇಶ್ವರಿ ಅಂತ ಅವರ ಹೆಸರು, ಭಾಳ ಚಲೋ ಮಂದಿ. ಡೈರಿಯೊಳಗ ನಿಂದೆಲ್ಲಾ ಬರದಿಟ್ಟಾರಂತ, ಅದರ ನಕಲು ತಂದಾಳ."

ಯಾರಿಗೂ ಗೊತ್ತಿಲ್ಲದ ನರ್ಸಮ್ಮ ಹದಿನೈದು ದಿನದ ಹಿಂದೆಯೇ ನಿನಗೆ ಸಿಕ್ಕಿದ್ದಾರೆ. ಕಾಗದ ನಿನ್ನ ಕೈಯಲ್ಲಿದೆ. ಆದರೂ ನನಗೆ ಸುಳ್ಳು ಬರೆದೆ. ನಾನು ಇಲ್ಲಿ ಎದ್ದರೂ ಕೂತರೂ ತಾರೀಖು ಎಣಿಸುತ್ತಿದ್ದರೆ ನೀನು ಅಲ್ಲಿ ಅದನ್ನು ಪುಸ್ತಕದಲ್ಲಿಟ್ಟುಕೊಂಡು ಪರೀಕ್ಷೆಗೆ ಓದುತ್ತಿದ್ದೀಯ.

ಯಾಕೆಂದು ನನಗೆ ಗೊತ್ತು. ಮಾಸ್ತರರು ನನ್ನನ್ನು ಸೇರಿಸಿಕೊಂಡು ನಿನ್ನನ್ನು ಹೊರಗೆ ಕಳಿಸಿದ ದಿನದಿಂದ ನಿನಗೆ ಅದು ಕುದಿಯುತ್ತಿದೆ. ನಾನು ಒಂದು ಇಯತ್ತೆ ಮುಂದೆ ಹೋದೆ, ಈಗ ಇನ್ನೂ ಮುಂದೆ ಹೋಗುತ್ತೇನೆ ಎಂದು ಹೊಟ್ಟೆಕಿಚ್ಚು. ಅಕ್ಕ ಅನಿಸಿಕೊಂಡವಳು ಮಾಡುವ ಕೆಲಸವೇ ಇದು?

ಮುಂದಿನ ಭಾನುವಾರ ಅಪ್ಪ ಫೋನ್ ಎತ್ತಲಿ, ಸ್ಪೀಕರಿನಲ್ಲೇ ಎಲ್ಲ ಹೇಳುತ್ತೇನೆ. ಅಷ್ಟರೊಳಗೆ ಕಳಿಸಿದರೆ ನಿನ್ನ ಮಾನ ಉಳಿಯುತ್ತದೆ.

ದ್ಯಾಮೇಶ


ರೋಣ
೧೨ ಫೆಬ್ರವರಿ ೨೦೨೬

ದ್ಯಾಮೇಶ,

ಸ್ಪೀಡ್ ಪೋಸ್ಟ್ ಮಾಡಿದ್ದೇನೆ, ಶನಿವಾರದೊಳಗೆ ಮುಟ್ಟುತ್ತದೆ. ಮೊದಲು ಜೊತೆಗಿರುವ ಕಾಗದ ಓದು. ನರ್ಸಮ್ಮನ ಡೈರಿಯ ಹಾಳೆಯ ನಕಲು, ಅವರ ಸಹಿ, ತಾಲೂಕು ಆರೋಗ್ಯಾಧಿಕಾರಿಗಳ ಶಿಕ್ಕಾ, ಎಲ್ಲ ಇದೆ.

"೩-೧೦-೨೦೦೯. ಹೊಳೆಮಣ್ಣೂರ ಶಾಲೆಯ ಮಾಳಿಗೆ. ಮಾನವ್ವ ಪರಶಪ್ಪ, ಸಾ. ಬೆಳವಣಕಿ. ಗಂಡು ಮಗು, ಎರಡೂಮುಕ್ಕಾಲು ಕಿಲೋ. ಇದು ಎರಡನೆಯ ಹೆರಿಗೆ. ಮೊದಲನೆಯದು ಹೆಣ್ಣು, ಎರಡು ವರ್ಷ ತುಂಬಿದೆ, ತಾಯಿಯ ಜೊತೆಗಿದೆ."

ಕೊನೆಯ ಸಾಲು ಓದಿದೆಯಾ? ಆ ಹೆಣ್ಣು ಮಗು ನಾನು. ನಿನಗೆ ಹದಿನಾರು ಎಂದು ಹೇಳುವ ಕಾಗದವೇ ನನಗೆ ಹದಿನೆಂಟು ಎಂದು ಹೇಳುತ್ತದೆ.

ಇನ್ನೂ ತಿಳಿಯದಿದ್ದರೆ ಬಿಡಿಸಿ ಹೇಳುತ್ತೇನೆ. ನನ್ನ ಲಗ್ನದ ಗದ್ದಲ ಮುಗಿದಿಲ್ಲ, ನಿಂತಿದೆ. ಶಾಲೆಯ ಕಾಗದದಲ್ಲಿ ನನಗೆ ಹದಿನಾರು ಎಂದಿರುವುದಕ್ಕೇ ನಿಂತಿದೆ. ಹದಿನೆಂಟು ತುಂಬುವ ತನಕ ಮಾಡುವುದಿಲ್ಲ ಎಂದು ಅಪ್ಪನಿಂದ ಮುಚ್ಚಳಿಕೆ ಬರೆಸಿಕೊಂಡಿದ್ದಾರೆ. ಆ ಲೆಕ್ಕಕ್ಕೆ ಮುಂದಿನ ವರ್ಷದ ಜೂನ್ ತನಕ ನನ್ನನ್ನು ಯಾರೂ ಮುಟ್ಟುವಂತಿಲ್ಲ. ಅಪ್ಪನಿಗೆ ನನ್ನ ನಿಜ ವಯಸ್ಸು ಗೊತ್ತು, ತೋರಿಸಲು ಕಾಗದವಿಲ್ಲ ಅಷ್ಟೇ. ಇದನ್ನು ಫೋನಿನಲ್ಲಿ ಓದಿ ಹೇಳಿದ ಗಳಿಗೆಗೆ ಅಪ್ಪ ಸವಡಿಗೆ ಸುದ್ದಿ ಮುಟ್ಟಿಸುತ್ತಾನೆ. ಅತ್ತೆಯ ಮಗ ಉಮೇಶ ಕೆಟ್ಟವನಲ್ಲ. ಲಗ್ನ ಮಾಡಿಕೊಂಡು ಕಟ್ಟಡದ ಕೆಲಸಕ್ಕೆ ಗೋವಾಕ್ಕೆ ಕರೆದುಕೊಂಡು ಹೋಗುತ್ತಾನೆ. ಅಲ್ಲಿಗೆ ನನ್ನ ಓದು ಮುಗಿಯಿತು.

ನಾನು ಪಿಯುಸಿ ಮುಗಿಸಿ ಸರ್ವೇಯರ್ ಆಗಬೇಕು. ನಮಗೆ ಒಂದು ಗುಂಟೆ ಹೊಲವಿಲ್ಲ. ಊರವರ ಹೊಲವನ್ನೆಲ್ಲ ನಾನು ಅಳೆಯಬೇಕು, ದೊಡ್ಡ ಮಂದಿ ನನ್ನ ಹಿಂದೆ ಬದುವಿನ ಮೇಲೆ ನಡೆದು ಬರಬೇಕು ಎಂದು ನನ್ನ ಆಸೆ. ನಗಬೇಡ.

ನಿನಗೆ ಗೊತ್ತಿಲ್ಲದ ಇನ್ನೊಂದು ಮಾತಿದೆ. ನವೆಂಬರಿನಲ್ಲಿ ಮಕ್ಕಳ ಸಹಾಯವಾಣಿ ೧೦೯೮ಕ್ಕೆ ಫೋನ್ ಮಾಡಿದವಳು ಹೊನ್ನವ್ವ ಅಲ್ಲ. ಗೆಳತಿ ಪೂಜಾಳ ಫೋನಿನಿಂದ ನಾನೇ ಮಾಡಿದೆ. "ಹುಡುಗಿಗೆ ಹದಿನಾರು" ಎಂದು ಬಾಯಿಬಿಟ್ಟು ಸುಳ್ಳು ಹೇಳಿದೆ. ಅವ್ವ ಹೊನ್ನವ್ವನನ್ನು ಓಣಿಯ ತುಂಬ ಬೈಯುವಾಗ ನಾನು ಒಳಗೆ ರೊಟ್ಟಿ ತಟ್ಟುತ್ತಿದ್ದೆ.

ಕೊನೆಯ ಸಾಲನ್ನು ಕತ್ತರಿಸಿ ಕಳಿಸೋಣವೆಂದು ಕತ್ತರಿ ಹಿಡಿದು ಕೂತಿದ್ದೂ ನಿಜ. ಶಿಕ್ಕಾ ಸರಿಯಾಗಿ ಅದರ ಮೇಲೇ ಬಿದ್ದಿದೆ.

ಹೊಟ್ಟೆಕಿಚ್ಚು ಎಂದೆಯಲ್ಲ, ಇತ್ತು. ಒಂದು ವರ್ಷ ಮನೆಯಲ್ಲಿ ಕೂತು ನೀನು ಚೀಲ ಹಾಕಿಕೊಂಡು ಹೋಗುವುದನ್ನು ನೋಡಿದಾಗ ಇತ್ತು. ಈಗ ಇರುವುದು ಬರೀ ಭಯ. ಇನ್ನು ಕಾಗದ ನಿನ್ನ ಹತ್ತಿರ ಇದೆ. ಕೊಡು ಎಂದು ಬರೆಯಲು ಮನಸ್ಸು ಬರುತ್ತಿಲ್ಲ, ಕೊಡಬೇಡ ಎಂದು ಬರೆಯುವುದೂ ಆಗುತ್ತಿಲ್ಲ.

ಗೌತಮಿ


ಮಾಪುಸಾ, ಗೋವಾ
೪ ಮಾರ್ಚ್ ೨೦೨೬

ಅಕ್ಕಾ,

ಮೊದಲು ತಪ್ಪಾಯಿತು ಎಂದು ಬರೆಯುತ್ತೇನೆ. ಆ ಪತ್ರದಲ್ಲಿ ಬರೆದ ಮಾತುಗಳು ನೆನಪಾದರೆ ನನಗೇ ಮುಖಕ್ಕೆ ಹೊಡೆದುಕೊಳ್ಳಬೇಕೆನಿಸುತ್ತದೆ. ನವೆಂಬರಿನಲ್ಲಿ ನಾನೂ ಮನೆಯಲ್ಲೇ ಇದ್ದೆ. ನೀನು ಅಳುತ್ತಿದ್ದೆ ಎಂದು ಗೊತ್ತಿತ್ತು. ಯಾಕೆ ಎಂದು ಕೇಳಲಿಲ್ಲ. ಮರುದಿನ ಮ್ಯಾಚ್ ಇತ್ತು.

ನರ್ಸಮ್ಮನ ಕಾಗದ ಕೊಟ್ಟೆ. ಮೇಡಂ ಒಪ್ಪಿದರು, ನಿನ್ನ ಸಾಲಿನ ಬಗ್ಗೆ ಏನೂ ಕೇಳಲಿಲ್ಲ. ಆದರೆ ನನ್ನ ನಸೀಬು ಖೊಟ್ಟಿ. ಕೊನೆಯ ವಾರ ಭುಜ ಹಿಡಿದು ಒಗೆತ ಬಿದ್ದುಹೋಯಿತು. ಇಂಥ ಭುಜ ಬೇಡ ಎಂದರು. ಸಂಗನಬಸವನನ್ನು ತೆಗೆದುಕೊಂಡರು. ನನಗೆ ದುಃಖವಿಲ್ಲ. ಎಷ್ಟೆಂದರೂ ಅದು ಯಾವ ದೇಶವೋ ಏನೋ, ರೊಟ್ಟಿ ಸಿಗುತ್ತಿರಲಿಲ್ಲ.

ಊರಿಗೆ ಬಂದರೆ ಎಲ್ಲರೂ ಕೇಳುತ್ತಾರೆ. ಅದಕ್ಕೆ ಕಳಕಪ್ಪ ಕಾಕಾನ ಜೊತೆ ಇಲ್ಲಿ ಕಟ್ಟಡದ ಕೆಲಸಕ್ಕೆ ನಿಂತಿದ್ದೇನೆ. ಕೆಲಸ ಚಲೋ ಇದೆ. ಒಂದೊಂದು ದಿನ ಅರವತ್ತು ಚೀಲ ಸಿಮೆಂಟು ಮೂರನೆಯ ಮಾಳಿಗೆಗೆ ಹೊರುತ್ತೇನೆ, ಕಾಕಾ ಬೆರಗಾಗುತ್ತಾನೆ.

ನೀನು ಓದು. ಗಣಿತದಲ್ಲಿ ಕಡಿಮೆ ಬಂದರೆ ನೋಡು ಮತ್ತೆ.

ದ್ಯಾಮೇಶ


ಬೆಳವಣಕಿ
೧೩ ಮಾರ್ಚ್ ೨೦೨೬

ಲೇ ದ್ಯಾಮ್ಯಾ,

ಭುಜ ಹಿಡಿದವನು ಅರವತ್ತು ಚೀಲ ಸಿಮೆಂಟು ಹೊರುತ್ತಾನೇನು? ಸುಳ್ಳು ಹೇಳುವುದಕ್ಕೂ ಬುದ್ಧಿ ಬೇಕು. ನೀನು ಕಾಗದ ಕೊಟ್ಟಿದ್ದರೆ ಅಪ್ಪನಿಗೆ ಫೋನ್ ಬರಬೇಕಿತ್ತು. ಆ ಫೋನಿಗಾಗಿ ನಾನು ದಿನವೂ ಜೀವ ಕೈಯಲ್ಲಿ ಹಿಡಿದು ಕೂತಿದ್ದೆ. ಬರಲೇ ಇಲ್ಲ.

ಪೂಜಾಳ ಫೋನಿನಿಂದ ಆ ಮೇಡಂಗೆ ನಾವೇ ಫೋನ್ ಮಾಡಿದೆವು. ಪೂಜಾ ಹಿಂದಿ ಬಲ್ಲವಳು, ಕೇಳಿ ಕೇಳಿ ಹೇಳಿದಳು. ದಾಖಲೆ ಸಿಗಲಿಲ್ಲ ಎಂದು ನೀನೇ ಹೇಳಿದೆಯಂತೆ. ಕೊನೆಯ ದಿನ ನಿನ್ನಷ್ಟು ಜೋರಾಗಿ ಯಾರೂ ಒಗೆದಿರಲಿಲ್ಲವಂತೆ. ಕೋಚ್ ಊಟ ಬಿಟ್ಟು ಗೇಟಿನ ತನಕ ನಿನ್ನ ಹಿಂದೆ ಬಂದರಂತೆ.

ಇದನ್ನು ಓದಿದಾಗ ನಾನು ಅತ್ತಿರಬೇಕೆಂದು ನಿನಗೆ ಅನಿಸಬಹುದು. ಅತ್ತದ್ದು ಹೌದು. ಆಮೇಲೆ ನಿನ್ನ ಮೇಲೆ ಸಿಟ್ಟು ಬಂತು. ನಿನ್ನ ಆಟ ಕೊಟ್ಟು ನನಗೆ ಒಂದು ವರ್ಷ ಮೂರು ತಿಂಗಳು ಕೊಡಿಸಲು ನಿನಗೆ ಯಾರು ಹೇಳಿದರು? ಜೂನ್ ಬಂದ ಮೇಲೆ ಏನು ಮಾಡಬೇಕಿತ್ತು ನಾನು? ಮತ್ತೊಂದು ಸುಳ್ಳು ತಾರೀಖು ಹುಡುಕಬೇಕಿತ್ತೇ? ಈ ಲಗ್ನ ಬೇಡ ಎಂದು ನಾನು ಮನೆಯಲ್ಲಿ ಯಾರಿಗೂ ಒಂದು ಸಲವೂ ಹೇಳಿಲ್ಲ, ಗೊತ್ತೇ? ಹದಿನಾರರ ಹಿಂದೆ ಅಡಗಿ ಕೂತಿದ್ದೆ. ನನ್ನ ಬದಲಿಗೆ ಬೈಸಿಕೊಳ್ಳಲು ಹೊನ್ನವ್ವ ಇದ್ದಳು.

ಪರೀಕ್ಷೆ ಮುಗಿಯಲಿ, ಆಮೇಲೆ ಅಪ್ಪನಿಗೆ ಹೇಳೋಣ ಎಂದುಕೊಂಡೆ. ಆಗಲಿಲ್ಲ. ಮಂಗಳವಾರ ಸಂಜೆ ಅಪ್ಪ ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತಿದ್ದ. ನರ್ಸಮ್ಮನಿಂದ ಇನ್ನೊಂದು ನಕಲು ತಂದಿದ್ದೆ. ಎದುರಿಗೆ ನಿಂತು ಮೊದಲಿನಿಂದ ಕೊನೆಯ ತನಕ ಓದಿದೆ. ನಿನ್ನ ಕರಾರಿನ ಸುದ್ದಿಯನ್ನೂ ಹೇಳಿದೆ. ಅಪ್ಪ ಚಹಾದ ಲೋಟ ಕೆಳಗಿಟ್ಟ. ಆಮೇಲೆ ಅವನ ಮುಖ ಅರಳಿತು.

"ಹಂಗಾರ ನಿನಗ ಹದಿನೆಂಟಾತು ಅಂತ ಕಾಗದದಾಗೂ ಬಂತು. ಇನ್ನ ಆ ಮುಚ್ಚಳಿಕಿ ನಡಿಯೂದಿಲ್ಲ!"

"ಹೌದಪಾ, ಹದಿನೆಂಟಾತು. ಇನ್ನ ಮ್ಯಾಲೆ ನನ್ನ ಸಹಿ ನಾನ ಮಾಡಬೇಕು. ಸವಡಿ ಲಗ್ನಕ್ಕ ನಾ ಸಹಿ ಮಾಡೂದಿಲ್ಲ."

ಅವ್ವ ಒಳಗಿನಿಂದ ಓಡಿ ಬಂದಳು. "ಯವ್ವಾ, ಬಾಯಿ ಮುಚ್ಚಬೇ. ಮಂದಿ ಕೇಳ್ಯಾರು."

"ಕೇಳಲಿ ಬಿಡಬೇ. ಅವತ್ತ ಫೋನ್ ಮಾಡಿದಾಕಿ ಹೊನ್ನವ್ವ ಅಲ್ಲ, ನಾನು."

ಅಪ್ಪ ಕೈ ಎತ್ತುತ್ತಾನೆ ಎಂದುಕೊಂಡೆ. ಎತ್ತಲಿಲ್ಲ. ಚಹಾ ಅರ್ಧಕ್ಕೆ ಬಿಟ್ಟು ಎದ್ದು ಹೋದ. ಅವ್ವ ಒಂದು ಗಳಿಗೆ ನನ್ನನ್ನು ನೋಡಿ, "ನಾಲ್ಕ ತಿಂಗಳ ಆಕಿನ್ನ ಬೈದೆನಲ್ಲಬೇ ನಾ, ಇನ್ನ ಹ್ಯಾಂಗ ಮುಖಾ ತೋರಸಲಿ" ಎಂದು ಸೆರಗು ಹಿಡಿದು ಕೂತಳು. ಅವ್ವ ಇನ್ನೂ ಹೊನ್ನವ್ವನ ಮನೆಯ ಕಡೆ ನೋಡುತ್ತಿಲ್ಲ, ಈಗ ನಾಚಿಕೆಗೆ.

ಮರುದಿನ ಅಪ್ಪ ತಾನೇ ಅಂಗಿ ಬದಲಿಸಿ ಬಸ್ ಸ್ಟ್ಯಾಂಡಿಗೆ ಬಂದ. ರೋಣದಲ್ಲಿ ನೋಟರಿ ವಕೀಲರ ಹತ್ತಿರ ನಿನ್ನ ಹುಟ್ಟಿದ ತಾರೀಖಿನ ಕಾಗದ ಮಾಡಿಸಿದೆವು. ಅಪ್ಪ ನಿನ್ನ ಹೆಸರಿನ ಎದುರಿಗೆ ನಿಧಾನವಾಗಿ ಸಹಿ ಮಾಡಿದ. ಬರುವಾಗ ಬಸ್ಸಿನಲ್ಲಿ ನನ್ನಿಂದ ದೂರ ಹೋಗಿ ಕೂತ. ಇವತ್ತಿಗೆ ಎರಡು ದಿನ, ಇನ್ನೂ ಮಾತಿಲ್ಲ.

ಮೇಡಂ ಹೇಳಿದ್ದು ಸರಿಯಾಗಿ ಕೇಳು. ಜುಲೈನಲ್ಲಿ ಮತ್ತೊಂದು ಕರಾರಿನ ದಿನವಿದೆ. ನಿನಗೆ ಹದಿನೇಳು ತುಂಬುವುದು ಅಕ್ಟೋಬರಿನಲ್ಲಿ. ಜಾಗ ಸಿಗುತ್ತದೆ ಎಂದು ಅವರು ಮಾತು ಕೊಟ್ಟಿಲ್ಲ, ಮತ್ತೆ ಒಗೆದು ತೋರಿಸಬೇಕು. ಸಿಮೆಂಟು ಚೀಲ ಇಳಿಸಿ ಸೋಮವಾರ ಪುಣೆಯ ಬಸ್ ಹತ್ತು. ಕಳಕಪ್ಪ ಕಾಕಾನಿಗೆ ನಾನು ಹೇಳಿದೆ ಎಂದು ಹೇಳು.

ಭಾನುವಾರ ಸವಡಿಯಿಂದ ಅತ್ತೆ ಬರುತ್ತಾಳಂತೆ, ಉಮೇಶನೂ ಬರುತ್ತಾನಂತೆ. ಅಪ್ಪ ಅವರಿಗೆ ಏನು ಹೇಳುತ್ತಾನೋ ಗೊತ್ತಿಲ್ಲ. ಅವನು ಹೂಂ ಎಂದರೆ ಅವರೆಲ್ಲರ ಎದುರಿಗೆ ನಾನು ಇನ್ನೊಮ್ಮೆ ಹೇಳಬೇಕಾಗುತ್ತದೆ. ಹೇಳುತ್ತೇನೆ.

ನೋಟರಿಯ ಕಾಗದ ಈ ಪತ್ರದ ಜೊತೆಗಿದೆ, ಮಡಿಕೆ ಹರಿಯದಂತೆ ನೋಡಿಕೋ. ಸಾಕ್ಷಿಗೆ ಹದಿನೆಂಟು ತುಂಬಿದವರೇ ಬೇಕು ಎಂದು ವಕೀಲರು ಹೇಳಿದರು. ನನ್ನ ಆಧಾರ್ ಕಾರ್ಡು ನೋಡಿ ತಲೆ ಅಲ್ಲಾಡಿಸಿದರು. ನರ್ಸಮ್ಮನ ಕಾಗದವನ್ನು ಅವರ ಮೇಜಿನ ಮೇಲಿಟ್ಟೆ. ಅವರು ಅದನ್ನು ಎರಡು ಸಲ ಓದಿ, ಅಪ್ಪನ ಕಡೆ ತಿರುಗಿ, "ಈಕಿ ಯಾರ್ರಿ?" ಎಂದು ಕೇಳಿದರು.

"ನನ್ನ ಹಿರೇ ಮಗಳ್ರಿ" ಎಂದ ಅಪ್ಪ.

ಸಾಕ್ಷಿಯ ಜಾಗದಲ್ಲಿರುವ ಸಹಿ ನನ್ನದು.

ಗೌತಮಿ